ಎಲಿಸಬೆತ್ ಸೆಲ್ಬರ್ಟ್

ಎಲಿಸಬೆತ್ ಸೆಲ್ಬರ್ಟ್ (೨೨ ಸೆಪ್ಟೆಂಬರ್ ೧೮೯೬ – ೯ ಜೂನ್ ೧೯೮೬) ಜರ್ಮನಿಯ ರಾಜಕಾರಣಿ ಹಾಗೂ ವಕೀಲೆ. ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಸೇರಿದ ಇವರು, ೧೯೪೮–೪೯ರಲ್ಲಿ ಪಶ್ಚಿಮ ಜರ್ಮನಿಯ ಸಂವಿಧಾನವನ್ನು ರಚಿಸಿದ ಸಂಸದೀಯ ಪರಿಷತ್ತಿನ ಸದಸ್ಯೆಯಾಗಿದ್ದರು. 'ಪುರುಷರೂ ಸ್ತ್ರೀಯರೂ ಸಮಾನ ಹಕ್ಕುಳ್ಳವರು' ಎಂಬ ವಾಕ್ಯವು ಆ ಸಂವಿಧಾನದ ೩ನೆಯ ವಿಧಿಯಲ್ಲಿ ಸೇರ್ಪಡೆಯಾದುದು ಮುಖ್ಯವಾಗಿ ಇವರ ಪ್ರಯತ್ನದಿಂದ. 'ಸಂವಿಧಾನದ ತಾಯಂದಿರು' ಎಂದು ಕರೆಯಲ್ಪಡುವ ನಾಲ್ವರು ಮಹಿಳೆಯರಲ್ಲಿ ಇವರೂ ಒಬ್ಬರು.

ಆರಂಭಿಕ ಜೀವನ ಮತ್ತು ಶಿಕ್ಷಣ

ಎಲಿಸಬೆತ್ ಅವರು ಕಾಸೆಲ್ ನಗರದಲ್ಲಿ ಜನಿಸಿದರು. ಅವರ ತವರಿನ ಹೆಸರು ರೋಡೆ. ನಾಲ್ವರು ಹೆಣ್ಣುಮಕ್ಕಳಲ್ಲಿ ಇವರು ಎರಡನೆಯವರು. ತಂದೆ ಸೆರೆಮನೆ ಇಲಾಖೆಯ ನೌಕರರಾಗಿದ್ದರು. ಶಾಲೆ ಮುಗಿದ ಮೇಲೆ ಆಮದು–ರಫ್ತು ಸಂಸ್ಥೆಯೊಂದರಲ್ಲಿ ವಿದೇಶಿ ಪತ್ರವ್ಯವಹಾರದ ಕೆಲಸಕ್ಕೆ ಸೇರಿದರು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಆ ಕೆಲಸ ಹೋಯಿತು. ೧೯೧೬ರಿಂದ ಅಂಚೆ ಇಲಾಖೆಯ ತಂತಿ ವಿಭಾಗದಲ್ಲಿ ದುಡಿದರು.

೧೯೧೮ರ ಕ್ರಾಂತಿಯ ದಿನಗಳಲ್ಲಿ ಮುದ್ರಣ ಕಾರ್ಮಿಕರೂ ಸಮಾಜವಾದಿ ಕಾರ್ಯಕರ್ತರೂ ಆಗಿದ್ದ ಆಡಮ್ ಸೆಲ್ಬರ್ಟ್ ಅವರ ಪರಿಚಯವಾಯಿತು. ಅದೇ ವರ್ಷದ ಕೊನೆಯಲ್ಲಿ ಎಲಿಸಬೆತ್ ಪಕ್ಷವನ್ನು ಸೇರಿದರು. ೧೯೨೦ರಲ್ಲಿ ಇಬ್ಬರೂ ವಿವಾಹವಾದರು. ಇಬ್ಬರು ಗಂಡುಮಕ್ಕಳು ಹುಟ್ಟಿದರು. ರಾಜಕೀಯ ಕಾರ್ಯಕ್ಕೆ ಕಾನೂನಿನ ಜ್ಞಾನ ಅಗತ್ಯವೆಂದು ಕಂಡುಕೊಂಡ ಅವರು, ಮನೆಯಲ್ಲಿಯೇ ಓದಿ ವಿಶ್ವವಿದ್ಯಾಲಯ ಪ್ರವೇಶದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಳಿಕ ಮಾರ್‌ಬುರ್ಗ್ ಹಾಗೂ ಗೊಟ್ಟಿಂಗೆನ್‌ನಲ್ಲಿ ಕಾನೂನು ವ್ಯಾಸಂಗ ಮಾಡಿದರು. ೧೯೩೦ರಲ್ಲಿ ಡಾಕ್ಟರೇಟ್ ಪಡೆದರು. ದಾಂಪತ್ಯ ಸರಿಪಡಿಸಲಾಗದಂತೆ ಮುರಿದುಬಿದ್ದಿದೆ ಎಂಬುದೇ ವಿಚ್ಛೇದನಕ್ಕೆ ಆಧಾರವಾಗಬಹುದೆ ಎಂಬುದು ಅವರ ಪ್ರೌಢಪ್ರಬಂಧದ ವಿಷಯ. ತಪ್ಪು ಯಾರದೆಂದು ಹುಡುಕುವ ಪದ್ಧತಿಯನ್ನು ಕೈಬಿಟ್ಟು ಈ ತತ್ತ್ವವನ್ನೇ ಒಪ್ಪಿದ ಕಾಯಿದೆ ಪಶ್ಚಿಮ ಜರ್ಮನಿಯಲ್ಲಿ ಜಾರಿಗೆ ಬಂದದ್ದು ೧೯೭೭ರಲ್ಲಿ.

ನಾಜಿ ಆಡಳಿತದ ಅವಧಿ

೧೯೩೩ರ ಮಾರ್ಚ್ ಚುನಾವಣೆಯಲ್ಲಿ ಸಂಸತ್ತಿಗೆ ಸ್ಪರ್ಧಿಸಿದರಾದರೂ ಆಯ್ಕೆಯಾಗಲಿಲ್ಲ. ನಾಜಿಗಳು ಅಧಿಕಾರ ಹಿಡಿದ ಮೇಲೆ ಆಡಮ್ ಅವರು ಹುದ್ದೆಯನ್ನು ಕಳೆದುಕೊಂಡರು. ಅವರನ್ನು ಬಂಧಿಸಿ ಬ್ರೈಟೆನೌ ಶಿಬಿರದಲ್ಲಿ ಇರಿಸಲಾಯಿತು. ಸಂಸಾರದ ಭಾರವೆಲ್ಲ ಎಲಿಸಬೆತ್ ಅವರ ಮೇಲೆ ಬಿತ್ತು.

೧೯೩೪ರ ಡಿಸೆಂಬರ್‌ನಲ್ಲಿ ಅವರಿಗೆ ವಕೀಲಿ ವೃತ್ತಿಯ ಸನ್ನದು ದೊರೆಯಿತು. ವಕೀಲರ ಮಂಡಲಿಯೂ ನಾಜಿ ಪಕ್ಷದ ಸ್ಥಳೀಯ ನಾಯಕತ್ವವೂ ಇದನ್ನು ವಿರೋಧಿಸಿದ್ದವು. ಉಚ್ಚ ನ್ಯಾಯಾಲಯದ ಅಧ್ಯಕ್ಷರು ಊರಲ್ಲಿಲ್ಲದಾಗ ಅವರ ಪರವಾಗಿ ಕಾರ್ಯನಿರ್ವಹಿಸುತ್ತಿದ್ದ ಹಿರಿಯ ನ್ಯಾಯಾಧೀಶರಿಬ್ಬರು ಅನುಮತಿ ನೀಡಿದರು. ಅದಾದ ಕೆಲವೇ ದಿನಗಳಲ್ಲಿ ಮಹಿಳೆಯರಿಗೆ ಹೊಸದಾಗಿ ಸನ್ನದು ಕೊಡುವುದು ನಿಂತುಹೋಯಿತು. ವೃತ್ತಿ ತೊರೆಯಬೇಕಾಗಿ ಬಂದ ಇಬ್ಬರು ಯಹೂದಿ ವಕೀಲರ ಕಚೇರಿಯನ್ನು ವಹಿಸಿಕೊಂಡು, ಮುಖ್ಯವಾಗಿ ಕೌಟುಂಬಿಕ ಮೊಕದ್ದಮೆಗಳನ್ನು ನಡೆಸಿದರು. ೧೯೪೩ರ ಅಕ್ಟೋಬರ್‌ನಲ್ಲಿ ಕಾಸೆಲ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಆ ಕಚೇರಿ ನಾಶವಾಯಿತು.

ಸಂಸದೀಯ ಪರಿಷತ್ತು

ಯುದ್ಧಾನಂತರ ಅವರು ೧೯೪೬ರಲ್ಲಿ ಹೆಸ್ಸೆ ರಾಜ್ಯದ ಸಂವಿಧಾನ ರಚನಾ ಸಭೆಗೂ, ಬಳಿಕ ಅಲ್ಲಿನ ವಿಧಾನಸಭೆಗೂ ಆಯ್ಕೆಯಾದರು. ೧೯೪೮ರ ಸೆಪ್ಟೆಂಬರ್‌ನಲ್ಲಿ ಬಾನ್‌ನಲ್ಲಿ ಸೇರಿದ ಸಂಸದೀಯ ಪರಿಷತ್ತಿಗೆ ನೆರೆಯ ಲೋಯರ್ ಸ್ಯಾಕ್ಸನಿಯ ಪರವಾಗಿ ಹೋದರು. ಮತದಾನದ ಹಕ್ಕಿದ್ದ ೬೫ ಸದಸ್ಯರಲ್ಲಿ ಮಹಿಳೆಯರು ನಾಲ್ವರು ಮಾತ್ರ: ಸೆಲ್ಬರ್ಟ್, ಫ್ರೀಡರಿಕ ನಾಡಿಗ್, ಹೆಲೆನೆ ವೆಬರ್ ಮತ್ತು ಹೆಲೆನೆ ವೆಸ್ಸೆಲ್.

೧೯೧೯ರ ವೈಮಾರ್ ಸಂವಿಧಾನವು ಸ್ತ್ರೀಪುರುಷರಿಗೆ 'ತಾತ್ವಿಕವಾಗಿ' ಒಂದೇ ಬಗೆಯ 'ನಾಗರಿಕ' ಹಕ್ಕು–ಕರ್ತವ್ಯಗಳಿವೆ ಎಂದಿತ್ತು. ಈ ಎರಡು ಪದಗಳಿಂದಾಗಿ ಸಮಾನತೆ ಮತದಾನದಂತಹ ಸಾರ್ವಜನಿಕ ವಿಷಯಗಳಿಗೆ ಸೀಮಿತವಾಗಿ, ಕುಟುಂಬದ ಕಾನೂನು ಹಾಗೆಯೇ ಉಳಿದಿತ್ತು. ೧೯೦೦ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ ಪ್ರಕಾರ ದಾಂಪತ್ಯದ ಎಲ್ಲ ವಿಷಯಗಳಲ್ಲೂ ನಿರ್ಧಾರ ಪತಿಯದು. ನ್ಯಾಯಾಲಯದ ಅನುಮತಿ ಪಡೆದು ಹೆಂಡತಿಯ ಉದ್ಯೋಗದ ಕರಾರನ್ನು ಆತ ರದ್ದುಪಡಿಸಬಹುದಾಗಿತ್ತು. ಸೆಲ್ಬರ್ಟ್ ಅವರು ಸೂಚಿಸಿದ ವಾಕ್ಯದಲ್ಲಿ ಅಂತಹ ಯಾವ ಮಿತಿಯೂ ಇರಲಿಲ್ಲ. ಆದ್ದರಿಂದಲೇ ವಿರೋಧವೂ ಬಲವಾಗಿತ್ತು: ಇದನ್ನು ಒಪ್ಪಿದರೆ ಕುಟುಂಬ ಕಾನೂನಿನ ಬಹುಭಾಗ ಒಮ್ಮೆಲೇ ಅಸಿಂಧುವಾಗುತ್ತದೆ ಎಂಬುದು ವಿರೋಧಿಗಳ ವಾದ. ಸ್ವಪಕ್ಷದ ನಾಡಿಗ್ ಅವರಿಗೂ ಮೊದಲು ಇದೇ ಆತಂಕವಿತ್ತು. ೧೯೪೮ರ ಡಿಸೆಂಬರ್ ೩ರಂದು ಪ್ರಧಾನ ಸಮಿತಿಯು ಪ್ರಸ್ತಾವವನ್ನು ೧೧–೯ ಮತಗಳಿಂದ ತಿರಸ್ಕರಿಸಿತು.

ಸೆಲ್ಬರ್ಟ್ ಅವರು ಪ್ರಶ್ನೆಯನ್ನು ಜನರ ಬಳಿಗೆ ಒಯ್ದರು. ಊರೂರು ಸುತ್ತಿ ಭಾಷಣ ಮಾಡಿದರು. ಯುದ್ಧದಲ್ಲಿ ಗಂಡಸರನ್ನು ಕಳೆದುಕೊಂಡಿದ್ದ ಆ ದೇಶದಲ್ಲಿ ಮಹಿಳೆಯರೇ ಬಹುಸಂಖ್ಯಾತರಾಗಿದ್ದರು. ಅವರ ಮತವಿಲ್ಲದೆ ಯಾವ ಪಕ್ಷವೂ ಗೆಲ್ಲುವಂತಿರಲಿಲ್ಲ. ಮಹಿಳಾ ಸಂಘಗಳು, ಕಾರ್ಮಿಕ ಸಂಘಟನೆಗಳ ಸದಸ್ಯೆಯರು ಹಾಗೂ ರಾಜ್ಯಗಳ ಶಾಸಕಿಯರಿಂದ ಮನವಿಪತ್ರಗಳು ಬುಟ್ಟಿಗಟ್ಟಲೆ ಬಾನ್‌ಗೆ ಬಂದು ಬಿದ್ದವು. ೧೯೪೯ರ ಜನವರಿ ೧೮ರಂದು ಅದೇ ಸಮಿತಿಯು ಪ್ರಸ್ತಾವವನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಅನುಷ್ಠಾನ

ಕಾನೂನಿನಲ್ಲಿ ಶೂನ್ಯ ಉಂಟಾಗದಂತೆ ಸಂವಿಧಾನಕ್ಕೆ ೧೧೭ನೆಯ ವಿಧಿಯನ್ನು ಸೇರಿಸಲಾಯಿತು. ಸಮಾನತೆಗೆ ವಿರುದ್ಧವಾದ ಹಳೆಯ ಕಾನೂನುಗಳು ತಿದ್ದುಪಡಿಯಾಗುವವರೆಗೆ ಮಾತ್ರ, ಹೆಚ್ಚೆಂದರೆ ೧೯೫೩ರ ಮಾರ್ಚ್ ೩೧ರವರೆಗೆ ಊರ್ಜಿತದಲ್ಲಿರುತ್ತವೆ ಎಂದು ಅದು ಗಡುವು ವಿಧಿಸಿತು. ಸಂಸತ್ತು ಆ ಗಡುವಿನೊಳಗೆ ಕಾಯಿದೆ ಮಾಡಲಿಲ್ಲ. ಆದರೂ ೩ನೆಯ ವಿಧಿಯು ನೇರವಾಗಿ ಅನ್ವಯಿಸುತ್ತದೆ ಎಂದು ೧೯೫೩ರ ಡಿಸೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಸಮಾನ ಹಕ್ಕುಗಳ ಕಾಯಿದೆಯು ೧೯೫೭ರಲ್ಲಿ ಅಂಗೀಕಾರಗೊಂಡು ೧೯೫೮ರ ಜುಲೈ ೧ರಂದು ಜಾರಿಗೆ ಬಂದಿತು. ಮಕ್ಕಳ ವಿಷಯದಲ್ಲಿ ತಂದೆಯ ಮಾತೇ ಅಂತಿಮ ಎಂದು ಅದರಲ್ಲಿ ಉಳಿದಿದ್ದ ನಿಯಮವನ್ನು ೧೯೫೯ರಲ್ಲಿ ಅದೇ ನ್ಯಾಯಾಲಯ ರದ್ದುಗೊಳಿಸಿತು.

ನಂತರದ ಜೀವನ ಮತ್ತು ಗೌರವಗಳು

೧೯೪೯ರ ಚುನಾವಣೆಯಲ್ಲಿ ಸೆಲ್ಬರ್ಟ್ ಅವರಿಗೆ ಒಕ್ಕೂಟದ ಸಂಸತ್ತಿನಲ್ಲಿ ಸ್ಥಾನ ದೊರೆಯಲಿಲ್ಲ. ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶ ಹುದ್ದೆಗೆ ಅವರ ಹೆಸರು ಕೇಳಿಬಂದಿತ್ತಾದರೂ ನೇಮಕವಾಗಲಿಲ್ಲ. ೧೯೫೮ರಲ್ಲಿ ಹೆಸ್ಸೆ ವಿಧಾನಸಭೆಯಿಂದ ನಿವೃತ್ತರಾಗಿ, ಇಳಿವಯಸ್ಸಿನವರೆಗೂ ಕಾಸೆಲ್‌ನಲ್ಲಿ ಕುಟುಂಬ ಕಾನೂನಿನ ವಕೀಲಿ ಮುಂದುವರಿಸಿದರು. ೧೯೮೪ರಲ್ಲಿ ಕಾಸೆಲ್ ನಗರವು ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿತು. ಹೆಸ್ಸೆ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದೆ. ೧೯೯೪ರಲ್ಲಿ ಅವರ ವಾಕ್ಯದ ಮುಂದೆ ಇನ್ನೊಂದು ವಾಕ್ಯ ಸೇರಿತು: ಸಮಾನತೆ ವಾಸ್ತವದಲ್ಲಿ ಜಾರಿಯಾಗುವಂತೆ ನೋಡಿಕೊಳ್ಳುವುದು ಹಾಗೂ ಇರುವ ಅನನುಕೂಲಗಳನ್ನು ನಿವಾರಿಸಲು ಶ್ರಮಿಸುವುದು ಪ್ರಭುತ್ವದ ಹೊಣೆಯೆಂದು ಅದು ವಿಧಿಸುತ್ತದೆ.