ಸಿಗರೇಟಿನ ಹೊಗೆ ಮತ್ತು ನಮ್ಮ ಸಪ್ಲಾಯರ್ ಹುಡುಗರು

ಒಂದು ಕಾಲದಲ್ಲಿ ಗಿರಾಕಿ ಕುಳಿತ ಕೂಡಲೇ ನೀರಿನ ಗ್ಲಾಸಿನ ಜೊತೆ ಆಶ್‌ಟ್ರೇಯನ್ನೂ ಇಡುವುದು ನಮ್ಮ ಹೋಟೆಲುಗಳ ಪದ್ಧತಿಯಾಗಿತ್ತು. ಪರ್ಮಿಟ್ ರೂಮುಗಳಲ್ಲಂತೂ ಸಂಜೆಯಾದರೆ ಎದುರಿನ ಗೋಡೆ ಮಸುಕಾಗುವಷ್ಟು ಹೊಗೆ. ಗಿರಾಕಿ ಒಂದು ಗಂಟೆ ಕುಳಿತು ಬಿಲ್ಲು ಕೊಟ್ಟು ಹೋಗುತ್ತಿದ್ದ. ಅದೇ ಗಾಳಿಯಲ್ಲಿ ಸಪ್ಲಾಯರ್ ಹುಡುಗ ನಡುರಾತ್ರಿಯ ತನಕ ಓಡಾಡುತ್ತಿದ್ದ, ಗಲ್ಲಾದಲ್ಲಿ ಧನಿಗಳೂ ಕುಳಿತಿರುತ್ತಿದ್ದರು. 2008ರಲ್ಲಿ ಧೂಮಪಾನ ನಿಷೇಧದ ನಿಯಮ ಬಂದಾಗ ನಮ್ಮವರಲ್ಲಿ ಅನೇಕರ ಚಿಂತೆ ವ್ಯಾಪಾರ ಎಷ್ಟು ಇಳಿಯುತ್ತದೆ ಎಂಬುದಾಗಿತ್ತು. ಆ ಹುಡುಗನ ಎದೆಗೂಡಿನ ಲೆಕ್ಕವನ್ನು ವಿಜ್ಞಾನಿಗಳು ಅಷ್ಟರಲ್ಲಾಗಲೇ ಹಾಕಿ ಮುಗಿಸಿದ್ದರು.

ಲೆಕ್ಕ ಶುರುವಾದದ್ದು ಸೇದುವವರಿಂದ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವುಗಳು ಏರುತ್ತಿದ್ದವು. ರಸ್ತೆಯ ಡಾಂಬರು, ಮೋಟಾರು ಹೊಗೆ ಕಾರಣವಿರಬಹುದೆಂಬ ಅನುಮಾನವಿತ್ತು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ 20 ಆಸ್ಪತ್ರೆಗಳ ರೋಗಿಗಳ ಅಭ್ಯಾಸಗಳನ್ನು ಕೇಳಿ ಬರೆಸಿಕೊಂಡರು. 1950ರಲ್ಲಿ ಪ್ರಕಟವಾದ ಫಲಿತಾಂಶ ಸಿಗರೇಟನ್ನು ತೋರಿಸಿತು. ಅಧ್ಯಯನ ನಡೆಯುತ್ತಿರುವಾಗಲೇ ಡಾಲ್ ಸ್ವತಃ ಸೇದುವುದನ್ನು ಬಿಟ್ಟಿದ್ದರು.

ನಮ್ಮ ಮುಂಬಯಿಯೂ ಹಿಂದೆ ಬಿದ್ದಿರಲಿಲ್ಲ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆಯ ರೋಗಿಗಳನ್ನು ಪರಿಶೀಲಿಸಿ ಸಾಂಘ್ವಿ, ರಾವ್, ಖಾನೋಲ್ಕರ್ ಅವರು 1955ರಲ್ಲೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಧೂಮಪಾನಕ್ಕೆ ಗಂಟಲಿನ ಕ್ಯಾನ್ಸರಿನ ನಂಟು, ಜಗಿಯುವ ತಂಬಾಕಿಗೆ ಬಾಯಿಯ ಕ್ಯಾನ್ಸರಿನ ನಂಟು. ಹೋಟೆಲಿನ ಬಾಗಿಲಲ್ಲೇ ಬೀಡಾ ಅಂಗಡಿಗೆ ಜಾಗ ಕೊಟ್ಟ ನಮಗೆ ಎರಡನೆಯದೂ ಸಂಬಂಧಪಟ್ಟ ವಿಷಯವೇ.

ಸೇದದವರ ಸರದಿ ಬಂದದ್ದು 1981ರಲ್ಲಿ. ಜಪಾನಿನ ತಾಕೇಶಿ ಹಿರಾಯಾಮ ಅವರು ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿದ್ದರು. ಗಂಡ ದಿನಕ್ಕೆ 20 ಅಥವಾ ಹೆಚ್ಚು ಸಿಗರೇಟು ಸೇದುತ್ತಿದ್ದರೆ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು. ಸಿಗರೇಟು ಕಂಪೆನಿಗಳ ಕೂಟ ಜಾಹೀರಾತು ಕೊಟ್ಟು ಇದನ್ನು ಅಲ್ಲಗಳೆಯಿತು, ಆದರೆ ಮುಂದಿನ ಅಧ್ಯಯನಗಳು ಹಿರಾಯಾಮರ ಮಾತನ್ನೇ ಎತ್ತಿಹಿಡಿದವು.

ಮನೆಯ ಹೊಗೆಯೇ ಹೀಗಾದರೆ ಹೋಟೆಲಿನದ್ದು? 1993ರಲ್ಲಿ ಅಮೆರಿಕದ ಮೈಕೆಲ್ ಸೀಗಲ್ ಅದನ್ನು ಒಟ್ಟುಗೂಡಿಸಿ ನೋಡಿದರು. ಆಫೀಸಿಗೆ ಹೋಲಿಸಿದರೆ ರೆಸ್ಟೋರೆಂಟಿನಲ್ಲಿ ಹೊಗೆ ಒಂದೂವರೆಯಿಂದ ಎರಡು ಪಟ್ಟು, ಬಾರಿನಲ್ಲಿ ನಾಲ್ಕರಿಂದ ಆರು ಪಟ್ಟು. ಊಟ ಬಡಿಸುವ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇ. 50ರಷ್ಟು ಹೆಚ್ಚು. 1998ರಲ್ಲಿ ಕ್ಯಾಲಿಫೋರ್ನಿಯಾದ ಬಾರುಗಳಲ್ಲಿ ಸಿಗರೇಟು ನಿಂತಾಗ ಸ್ಯಾನ್ ಫ್ರಾನ್ಸಿಸ್ಕೋದ 53 ಬಾರ್ ನೌಕರರನ್ನು ಪರೀಕ್ಷಿಸಲಾಯಿತು. ಮೊದಲು ಕೆಮ್ಮು, ಉಬ್ಬಸದಂಥ ತೊಂದರೆಯಿದ್ದ 39 ಮಂದಿಯಲ್ಲಿ 23 ಮಂದಿಗೆ ಕೆಲವೇ ವಾರಗಳಲ್ಲಿ ಅದು ಹೋಗಿತ್ತು. ಔಷಧವಿಲ್ಲ, ಖರ್ಚಿಲ್ಲ, ಗಾಳಿ ಬದಲಾಯಿತು ಅಷ್ಟೆ.

ಕೆನಡಾದ ಒಟ್ಟಾವಾ ನಗರದ ಹೆದರ್ ಕ್ರೋ ಅವರದು ಮನ ಕಲಕುವ ಕಥೆ. ಸುಮಾರು 40 ವರ್ಷ ಹೋಟೆಲುಗಳಲ್ಲಿ ಬಡಿಸಿದ ಹೆಂಗಸು, ಒಂದು ದಿನವೂ ಸಿಗರೇಟು ಮುಟ್ಟಿದವರಲ್ಲ. 2002ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಕೆಲಸದ ಜಾಗದ ಹೊಗೆಯೇ ಕಾರಣವೆಂದು ಒಪ್ಪಿ ಅಲ್ಲಿನ ಕಾರ್ಮಿಕ ವಿಮಾ ಮಂಡಳಿ ಪರಿಹಾರ ಕೊಟ್ಟಿತು. ಕಾಯಿಲೆಯಲ್ಲೇ ಊರೂರು ತಿರುಗಿ ಹೋಟೆಲ್ ನೌಕರರ ಪರವಾಗಿ ಮಾತಾಡಿದ ಆಕೆ 2006ರ ಮೇ 22ರಂದು ತೀರಿಕೊಂಡರು. ಅವರ ಒಂಟಾರಿಯೋ ಪ್ರಾಂತ್ಯದಲ್ಲಿ ಹೊಗೆಮುಕ್ತ ಕಾಯ್ದೆ ಜಾರಿಗೆ ಬಂದದ್ದು ಮೇ 31ರಂದು.

ನಮ್ಮ ದೇಶದಲ್ಲಿ 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದ ಧೂಮಪಾನವನ್ನು ತಡೆಯಿತು. ಮುಂಬಯಿಯ ಮುರಳಿ ದೇವ್ರಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ರೈಲು ಮುಂತಾದೆಡೆ ನಿಷೇಧಿಸಿತು. ಆ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. 2003ರ ಕಾಯ್ದೆ ರೆಸ್ಟೋರೆಂಟನ್ನು ಸೇರಿಸಿತು. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮ ಹೊಣೆಯನ್ನು ನೇರ ಮಾಲೀಕರ ಮೇಲೆ ಹಾಕಿತು.

ವ್ಯಾಪಾರದ ಭಯ ಎಲ್ಲ ಕಡೆಯೂ ಇತ್ತು, ಅದನ್ನು ತಮಾಷೆ ಮಾಡುವಂತಿಲ್ಲ. ಬಾಡಿಗೆ, ಸಂಬಳ ಕಟ್ಟುವವರಿಗೆ ಮಾತ್ರ ಗೊತ್ತು. ಆದರೆ ರೆಸ್ಟೋರೆಂಟುಗಳಲ್ಲಿ ಮೊದಲು ಸಿಗರೇಟು ನಿಲ್ಲಿಸಿದ ಅಮೆರಿಕದ 15 ಊರುಗಳ ಮಾರಾಟ ತೆರಿಗೆಯ ಲೆಕ್ಕ ತೆಗೆದು ನೋಡಿದಾಗ ವ್ಯಾಪಾರ ಕುಸಿದದ್ದು ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಮಾತಿದು. ಮನೆಮಂದಿಯನ್ನು ಕರೆದುಕೊಂಡು ಬರುವ ಗಿರಾಕಿಯನ್ನು ನಾವು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದೇ ನನ್ನ ಅನಿಸಿಕೆ.

30 ಅಥವಾ ಹೆಚ್ಚು ಸೀಟಿನ ರೆಸ್ಟೋರೆಂಟಿನಲ್ಲಿ ಪ್ರತ್ಯೇಕ ಧೂಮಪಾನ ಕೋಣೆಗೆ 2008ರ ನಿಯಮ ಅವಕಾಶ ಕೊಟ್ಟಿತು; ನಾಲ್ಕೂ ಬದಿ ಪೂರ್ತಿ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆ ನೇರ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. 2017ರ ತಿದ್ದುಪಡಿಯಂತೆ ಅಲ್ಲಿ ಏನನ್ನೂ ಸರಬರಾಜು ಮಾಡುವಂತಿಲ್ಲ, ಅಂದರೆ ಹುಡುಗ ಟ್ರೇ ಹಿಡಿದು ಒಳಗೆ ಹೋಗುವಂತಿಲ್ಲ. ಉಳಿದೆಡೆ ಆಶ್‌ಟ್ರೇ, ಬೆಂಕಿಪೊಟ್ಟಣ ಇಡಬಾರದು. ಬಾಗಿಲಲ್ಲಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಬೋರ್ಡು ಬೇಕು, ದೂರು ಯಾರಿಗೆ ಕೊಡಬೇಕೆಂಬ ಹೆಸರೂ ಪ್ರದರ್ಶನದಲ್ಲಿರಬೇಕು. ಅನೇಕ ಕಡೆ ಕೆಲಸ ಬಿಟ್ಟು ಊರಿಗೆ ಹೋದ ಮ್ಯಾನೇಜರನ ಹೆಸರೇ ಇನ್ನೂ ಇರುತ್ತದೆ. ನಾಳೆ ಅಂಗಡಿ ತೆರೆಯುವಾಗ ಒಮ್ಮೆ ನೋಡಿಬಿಡಿ.