ನಿಡಘಟ್ಟದ ತಾಯಿ, ಹಲಗೂರಿನ ಬೆಂಕಿ

ಬನದ ಹುಣ್ಣಿಮೆ ಹತ್ತಿರವಾದ ದಿನಗಳು. ಮಳವಳ್ಳಿ ಸೀಮೆಯ ಕಬ್ಬಿನ ಗದ್ದೆಗಳ ಮೇಲೆ ಹೊತ್ತು ಮುಳುಗುವ ಮುನ್ನವೇ ಮಂಜು ಕೂರುತ್ತದೆ. ಎಲ್ಲೋ ಆಲೆಮನೆಯ ಬೆಲ್ಲದ ವಾಸನೆ. ಅದರ ಹಿಂದೆಯೇ, ಏರಿಯ ಮೇಲೆ ಮೂರು ಜನ ಬರುತ್ತಿದ್ದಾರೆ. ಮುಂದಿನವರ ಹೆಗಲಲ್ಲಿ ಜೋಳಿಗೆ, ಬಟ್ಟೆ ಸುತ್ತಿದ ತಂಬೂರಿ. ಹಣೆಯಲ್ಲಿ ಮಂಟೇಸ್ವಾಮಿಯ ಕಪ್ಪು ಬೂದಿ, ಧೂಳ್ತ. ಊರ ನಾಯಿಗಳು ಒಮ್ಮೆ ಬೊಗಳಿ ಸುಮ್ಮನಾಗುತ್ತವೆ.

ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಬಂದರು.

ಹರಕೆ ಹೊತ್ತ ಮನೆಯವರು ಬೆಳಗಿನಿಂದಲೇ ಕಾದಿದ್ದಾರೆ. ನೆಲ ಸಾರಿಸಿದೆ, ಕಂಬಳಿ ಹಾಸಿದೆ, ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟಿದೆ. ದೀಪ ಹಚ್ಚಿ ಸಾಂಬ್ರಾಣಿ ಹಾಕುವ ಹೊತ್ತಿಗೆ ಅಕ್ಕಪಕ್ಕದ ಮನೆಗಳ ಹೆಂಗಸರು, ಮಕ್ಕಳು, ಹೊದಿಕೆ ಹೊದ್ದ ಮುದುಕರು ಒಬ್ಬೊಬ್ಬರೇ ಬಂದು ಗೋಡೆಗೆ ಒರಗುತ್ತಾರೆ. ಮನೆಯ ಅಜ್ಜಿ ಕೈಮುಗಿದು ಕೇಳುತ್ತಾಳೆ.

"ಇವತ್ತು ಯಾವ ಸಾಲು ಯೋಳೀರಿ ಅಯ್ಯ?"

"ನೀವು ಕೇಳಿದ ಸಾಲೇ ಕನವ್ವ."

ಮಂಟೇಸ್ವಾಮಿ ಕಾವ್ಯದ ಒಂದೊಂದು ಭಾಗಕ್ಕೂ ಸಾಲು ಎಂದು ಹೆಸರು. ಕಲ್ಯಾಣದ ಸಾಲಿನಲ್ಲಿ ಗುರು ಮಂಟೇಸ್ವಾಮಿ ಕುಷ್ಠರೋಗಿಯ ವೇಷ ತೊಟ್ಟು, ಬಸವಣ್ಣನ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನು ಪರೀಕ್ಷೆ ಮಾಡುತ್ತಾನೆ. ಅವನು ಹೋಗಿ ಕೂರುವುದು ಕಲ್ಯಾಣದ ತಿಪ್ಪೆಯ ಮೇಲೆ. ದೇವರನ್ನು ತಿಪ್ಪೆಯ ಮೇಲೆ ಕೂರಿಸಿ, ನಂಬುವವರು ಅಲ್ಲಿಗೇ ಬಂದು ಅಡ್ಡಬೀಳಲಿ ಎಂದ ಈ ಕಾವ್ಯದ ಎದೆಗಾರಿಕೆಗೆ ನಾನು ಪ್ರತಿ ಸಲವೂ ಬೆರಗಾಗುತ್ತೇನೆ. ಆದರೆ ಅಜ್ಜಿ ಕೇಳಿದ್ದು ಕಲ್ಯಾಣವನ್ನಲ್ಲ. ನಿಡಘಟ್ಟದ ಸಾಲನ್ನು.

ತಂಬೂರಿ ಶ್ರುತಿಗೆ ಬರುತ್ತದೆ. ಮುಂದಾಳಿನ ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈಯಲ್ಲಿ ಗಗ್ಗರ. ಹಿಂದಿನವರ ದಮ್ಮಡಿ, ತಾಳ ಜೊತೆಗೂಡುತ್ತವೆ. ಮುಂದಾಳು ಒಂದು ಸೊಲ್ಲು ಬಿಟ್ಟರೆ ಹಿಮ್ಮೇಳದವರು ಅದನ್ನೇ ಹಿಡಿದು ಎಳೆಯುತ್ತಾರೆ. ನಡುವೆ ಹಾಡು ನಿಂತು ಮಾತಾಗುತ್ತದೆ, ಮಾತು ಬಿಸಿಯೇರಿ ಮತ್ತೆ ಹಾಡಾಗುತ್ತದೆ.

ನಿಡಘಟ್ಟದ ಆಚಾರಿ ಮನೆಯ ಮಗ ಕೆಂಪಾಚಾರಿ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಆ ಹುಡುಗನನ್ನೇ ಶಿಷ್ಯನಾಗಿ ಬೇಡುತ್ತಾರೆ. ಹೆತ್ತವರು ಕೊಡಲು ಒಪ್ಪುವುದಿಲ್ಲ. ಹೇಗೆ ಒಪ್ಪಿಯಾರು? ಕೊನೆಗೆ ಮಗ ಮನೆಗೆ ಎರವಾಗಿ ಗುರುವಿನ ಪಾಲಾಗುತ್ತಾನೆ, ಮುಂದೆ ಘನನೀಲಿ ಸಿದ್ಧಪ್ಪಾಜಿ ಎನಿಸಿಕೊಳ್ಳುತ್ತಾನೆ. ತಾಯಿಯ ಗೋಳಿನ ಜಾಗಕ್ಕೆ ಬಂದಾಗ ಮುಂದಾಳು ತಂಬೂರಿಯ ಮೇಲಿನ ಬೆರಳನ್ನು ತಡೆಯುತ್ತಾರೆ. ಬರೀ ಗಗ್ಗರ. ಗೋಡೆ ಬದಿಯಲ್ಲಿ ಯಾರೋ ಸೆರಗಿನಿಂದ ಮೂಗೊರೆಸಿಕೊಂಡ ಸದ್ದು. ಅಜ್ಜಿಯಂತೂ ಅಳುವುದನ್ನು ಮುಚ್ಚಿಡುವುದೇ ಇಲ್ಲ.

ಹಾಡುತ್ತಿರುವವರನ್ನು ಆಗ ನೋಡಬೇಕು. ಮಂಟೇಸ್ವಾಮಿಯ ಒಕ್ಕಲಿನ ಮನೆಗಳಲ್ಲಿ ಒಬ್ಬ ಮಗನನ್ನು ನೀಲಗಾರನಾಗಿ ಬಿಡುವ ಹರಕೆ ಹಿಂದಿನಿಂದ ಬಂದದ್ದು. ದೀಕ್ಷೆ ಪಡೆದು ಜೋಳಿಗೆ ಹಿಡಿದವರಲ್ಲಿ ಹೆಚ್ಚಿನವರು ದಲಿತರ ಮಕ್ಕಳು. ಹಾಗೆ ಬಿಟ್ಟ ಮಗನೇ, ಬಿಟ್ಟುಕೊಡಲಾರದ ತಾಯಿಯ ಅಳುವನ್ನು ಹಾಡುವಾಗ ಕಥೆ ಎಲ್ಲಿ ಮುಗಿಯಿತು, ಬದುಕು ಎಲ್ಲಿ ಶುರುವಾಯಿತು ಎಂದು ಯಾರು ಗೆರೆ ಎಳೆದಾರು?

ಅರ್ಧರಾತ್ರಿಗೆ ಕಾಫಿ, ಎಲೆ ಅಡಿಕೆ. ಮಕ್ಕಳು ಅಲ್ಲಲ್ಲೇ ನಿದ್ದೆಹೋಗಿವೆ. ಈಗ ಹಲಗೂರಿನ ಸಾಲು. ಗುರು ಸಿದ್ಧಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ಕಬ್ಬಿಣದ ಊರಿನಲ್ಲೇ ಕಬ್ಬಿಣವಿಲ್ಲ ಎಂಬ ಉತ್ತರ! ಮೇಲೆ ಕಠಿಣ ಪರೀಕ್ಷೆಗಳು, ವಿಷ. ದಮ್ಮಡಿಯ ಪೆಟ್ಟು ಕುಲುಮೆಯ ಸುತ್ತಿಗೆಯ ಹಾಗೆ ಬೀಳತೊಡಗುತ್ತದೆ. ಎಲ್ಲವನ್ನೂ ಗೆದ್ದು ಸಿದ್ಧಪ್ಪಾಜಿ ಎದ್ದು ನಿಂತಾಗ ತೂಕಡಿಸುತ್ತಿದ್ದ ಮುದುಕರೂ ನೆಟ್ಟಗಾಗಿ "ಗುರುವೇ" ಎನ್ನುತ್ತಾರೆ.

ಈ ಕಥೆ ಇಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಹೇಗೆಂದರೆ, ಅದರ ಊರುಗಳು ಕೇಳುವವರ ಊರುಗಳೇ. ನಿಡಘಟ್ಟ ಮದ್ದೂರು ತಾಲ್ಲೂಕಿನದು. ಹಲಗೂರು ಮಳವಳ್ಳಿಯದು. ಮಂಟೇಸ್ವಾಮಿ ಐಕ್ಯರಾದ ಬೊಪ್ಪೇಗೌಡನಪುರವೂ ಮಳವಳ್ಳಿಯದೇ, ಜನರ ಬಾಯಲ್ಲಿ ಬಿ.ಜಿ. ಪುರ. ಸಿದ್ಧಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರು ಕಾವೇರಿಯ ಆಚೆ, ಕೊಳ್ಳೇಗಾಲದ ಕಡೆ. ಬನದ ಹುಣ್ಣಿಮೆಗೆ ಅಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಬೊಪ್ಪೇಗೌಡನಪುರದ ಮಠದವರು ಚಂದ್ರಮಂಡಲವೆಂಬ ಆಕೃತಿಗೆ ಬೆಂಕಿ ಇಡುತ್ತಾರೆ. ಉರಿ ಯಾವ ದಿಕ್ಕಿಗೆ ಚೆನ್ನಾಗಿ ಎದ್ದಿತೋ ಆ ಕಡೆ ಮಳೆಬೆಳೆ ಎಂದು ರೈತರು ಲೆಕ್ಕ ಹಾಕುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ಓದಿದ ಊರಿನಲ್ಲಿ ದೇವರು ಭಿಕ್ಷೆ ಬೇಡಿದ್ದ ಎಂದು ಕೇಳಿ ಬೆಳೆದ ಮಗುವಿಗೆ ನಂಬಿಕೆಯನ್ನು ಬೇರೆಯಾಗಿ ಕಲಿಸಬೇಕಿಲ್ಲ.

ಕಾವ್ಯಕ್ಕೆ ಗೌರವ ಸಿಗದೆ ಹೋಗಿಲ್ಲ. ಮಂಡ್ಯ ಜಿಲ್ಲೆಯವರೇ ಆದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಇಂಥ ಹಾಡುಗಾರರ ಜೊತೆ ಕೂತು ಬರೆದುಕೊಂಡರು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ರಂಗಕ್ಕೆ ಬಂತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಮನೆಮನೆಗೂ ಮುಟ್ಟಿದವು. ಈ ಮೂರೂ ದೊಡ್ಡ ಕೆಲಸಗಳೇ. ಆದರೂ ಅಜ್ಜಿಯ ಕಣ್ಣೀರು ಕಂಡು ಬೆರಳು ತಡೆಯುವುದು ಎದುರಿಗೆ ಕೂತ ಮನುಷ್ಯನಿಂದ ಮಾತ್ರ ಆಗುವ ಕೆಲಸ. ಕಾಲದ ವೇಗವೋ ಬೇರೆಯಾಗಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಎರಡು ಹಂತವಾಗಿ ಕಟ್ಟಿದಾಗ, ಹಂತಗಳು ಕೂಡಿದ್ದು ಇದೇ ನಿಡಘಟ್ಟದಲ್ಲಿ. ಈಗ ಕಾರುಗಳು ಆ ಊರನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ದಾಟುತ್ತವೆ. ಒಳಗಿನ ಹಳ್ಳಿಗಳಲ್ಲೂ ರಾತ್ರಿಯಿಡೀ ಕೂರುವ ಪುರುಸೊತ್ತು ಕಮ್ಮಿಯಾಗಿದೆ. ಒಂದು ಸಾಲನ್ನು ಅರ್ಧ ಗಂಟೆಗೆ ಮುಗಿಸಿ ಎಂದು ಕೇಳುವವರೂ ಇದ್ದಾರೆ.

ಕೋಳಿ ಕೂಗುವ ಹೊತ್ತಿಗೆ ಮಂಗಳ. ಧೂಳ್ತ ಎಲ್ಲರ ಹಣೆಗೆ. ಮೊರದ ಪಡಿ ಜೋಳಿಗೆಗೆ ಇಳಿಯುತ್ತದೆ. ಮೂರು ಜನ ಬಂದ ಏರಿಯ ಮೇಲೇ ಹೊರಟಾಗ ಅಜ್ಜಿ ಬಾಗಿಲಲ್ಲೇ ನಿಂತಿರುತ್ತಾಳೆ.

ನಿಮ್ಮ ಬಾಗಿಲಿಗೆ ತಂಬೂರಿ ಬಂದರೆ ಹಿಡಿ ಅಕ್ಕಿ ಹಾಕಿ ಸಾಗಹಾಕಬೇಡಿ. ಒಂದು ರಾತ್ರಿ ಕಂಬಳಿ ಹಾಸಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನಿಡಘಟ್ಟದ ಸಾಲನ್ನಾದರೂ ಪೂರ್ತಿ ಹೇಳಿಸಿ.