ಕಾಲರ್ ಅಳತೆ 17

ಟೈಲರ್ ಅಂಗಡಿ ಇಟ್ಟವಳಿಗೆ ಗಂಡಸರ ಕುತ್ತಿಗೆಯ ಅಳತೆ ಬಾಯಿಪಾಠ. ನಮ್ಮ ಯಜಮಾನರ ಕಾಲರ್ ಮದುವೆಯಾದಾಗ 15 ಇಂಚು ಇತ್ತು, ಈಗ 17. ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಕುತ್ತಿಗೆ 40 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಹದಿನಾರು ಇಂಚು ದಾಟಿ, ಜೊತೆಗೆ ಜೋರು ಗೊರಕೆ, ಬಿ.ಪಿ., ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು ಅಂತ ಅನುಮಾನಪಡಬೇಕಂತೆ.

ಈ ಕಾಯಿಲೆ ಇದ್ದವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆದಾಡುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಅರೆಬರೆ ಎಬ್ಬಿಸುತ್ತದೆ, ‘ಘರ್’ ಅಂತ ಉಸಿರು ಬಂದು ಮತ್ತೆ ನಿದ್ದೆ. ಬೆಳಿಗ್ಗೆ ಅವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವಳಿಗೆ ಗೊತ್ತು. ಗೊರಕೆ ಹೇಗೋ ಸಹಿಸಬಹುದು, ಗೊರಕೆ ನಿಂತು ಮುಂದಿನ ಉಸಿರಿಗೆ ಕಾಯುವ ಗಳಿಗೆ ಕೈಕಾಲು ತಣ್ಣಗಾಗುತ್ತದೆ. ಇವರೋ ಹಿರಿಯೂರು ಕಡೆಯ ಈರುಳ್ಳಿ ತುಂಬಿಕೊಂಡು ರಾತ್ರಿಯೆಲ್ಲ ಯಶವಂತಪುರಕ್ಕೆ ಟೆಂಪೊ ಓಡಿಸುವವರು!

ನಮಗೆ ವಿಮೆಯಿಲ್ಲ. ಇದ್ದವರೂ ನೆಮ್ಮದಿಯಾಗಿರಬೇಕಿಲ್ಲ, ಇದರ ಚಿಕಿತ್ಸೆಗೆ ಮನೆಯಲ್ಲಿ ಬಳಸುವ ಸಿಪ್ಯಾಪ್ ಎಂಬ ಯಂತ್ರಕ್ಕೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಹಾಗಾಗಿ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಅನ್ನುವುದೇ ಮುಖ್ಯ. ನನ್ನ ಕೇಳಿದರೆ, ಮೊದಲು ಪರೀಕ್ಷೆ. ಆಸ್ಪತ್ರೆಯಲ್ಲಿ ರಾತ್ರಿ ಮಲಗಿ ಮಾಡಿಸುವ ಪರೀಕ್ಷೆಗಿಂತ ಮನೆಯ ಪರೀಕ್ಷೆ ಅಗ್ಗ. ಬೆರಳಿಗೆ ಕ್ಲಿಪ್, ಮೂಗಿಗೆ ಕೊಳವೆ, ಎದೆಗೊಂದು ಪಟ್ಟಿ. ನಾವು 5,000 ಕೊಟ್ಟೆವು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಇಲ್ಲವೇ ತೀರಾ ಕುಗ್ಗುತ್ತದೆ ಅಂತ ಲೆಕ್ಕ ಬರುತ್ತದೆ. 5ರೊಳಗಿದ್ದರೆ ತೊಂದರೆಯಿಲ್ಲ, 30 ಮುಟ್ಟಿದರೆ ತೀವ್ರ. ಇವರದು 38.

ಸಿಪ್ಯಾಪ್ ಅಂದರೆ ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಪುಟ್ಟ ಪೆಟ್ಟಿಗೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಅಂಗಡಿಯಲ್ಲಿ ಹೇಳಿದ ಬೆಲೆ 42,000. ನಾವು ಮೊದಲು ತಿಂಗಳ ಬಾಡಿಗೆಗೆ ತಂದೆವು, ಯಾಕೆಂದರೆ ಮಾಸ್ಕ್ ಒಗ್ಗದೆ ಯಂತ್ರವನ್ನು ಅಟ್ಟಕ್ಕೆ ಹಾಕುವವರು ಬಹಳ. ‘ಏನೇ, ನನ್ನ ಪೈಲಟ್ ಮಾಡ್ಬಿಟ್ಯಲ್ಲೇ’ ಅಂತ ಮೊದಲ ರಾತ್ರಿ ನಕ್ಕರು. ಒಗ್ಗಿದ ಮೇಲೆ ಚೀಟಿ ಎತ್ತಿ ಕೊಂಡೆವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾಡೆಲ್ ನಂಬರ್ ನೋಡಿಕೊಳ್ಳಿ. ಒಳಗಿನ ಫೋಮ್ ಪುಡಿಯಾಗುತ್ತದೆ ಅಂತ ಫಿಲಿಪ್ಸ್ ಕಂಪನಿ 2021ರಲ್ಲಿ ಲಕ್ಷಗಟ್ಟಲೆ ಯಂತ್ರಗಳನ್ನು ವಾಪಸ್ ಕರೆಸಿಕೊಂಡಿತ್ತು.

ಕರೆಂಟಿನ ಚಿಂತೆ ಬೇಡ. ನೀರು ಬಿಸಿ ಮಾಡುವ ಭಾಗ ಬಳಸದಿದ್ದರೆ ತಿಂಗಳಿಗೆ ಆರೇಳು ಯೂನಿಟ್ ದಾಟುವುದು ಕಷ್ಟ. ಮಾಸ್ಕಿನ ಪಟ್ಟಿ ಸಡಿಲಾದಾಗ ಹೊಸದು ತರದೆ ತಲೆಯ ಹಿಂಬದಿಯಲ್ಲಿ ಅರ್ಧ ಇಂಚು ಮಡಚಿ ನಾನೇ ಹೊಲಿದೆ. ಮೂಗಿಗೆ ಕೂರುವ ಸಿಲಿಕೋನ್ ಹರಿದರೆ ಮಾತ್ರ ಹೊಲಿಗೆ ನಡೆಯದು, ಗಾಳಿ ಸೋರುತ್ತದೆ, ಕೊಳ್ಳಲೇಬೇಕು.

ಅಂಗಾತ ಮಲಗಿದಾಗ ಕೆಲವರಿಗೆ ತೊಂದರೆ ಹೆಚ್ಚು. ಅಂಥವರಿಗೆ ಬನಿಯನ್ನಿನ ಬೆನ್ನಿಗೆ, ಭುಜದ ಎಲುಬುಗಳ ನಡುವೆ, ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟರೆ ತಾನಾಗಿ ಮಗ್ಗುಲಾಗುತ್ತಾರೆ. ತೆಳು ಬಟ್ಟೆ ಬೇಡ, ಹರಿಯುತ್ತದೆ. ಪ್ಯಾಂಟಿನ ಜೇಬಿಗೆ ಹಾಕುವ ಬಟ್ಟೆಯೇ ಸರಿ. ಶಂಖ ಊದುವುದರಿಂದಲೂ ಅನುಕೂಲ ಅಂತ ಜೈಪುರದ ವೈದ್ಯರು 2025ರಲ್ಲಿ ಪ್ರಕಟಿಸಿದ್ದಾರೆ. ಆರು ತಿಂಗಳು ಊದಿದವರಿಗೆ ಗಂಟೆಗೆ ನಾಲ್ಕೈದು ಸಲದಷ್ಟು ಉಸಿರು ನಿಲ್ಲುವುದು ಕಡಿಮೆಯಾಗಿತ್ತು. ನೋಡಿದ್ದು 30 ಜನರನ್ನಷ್ಟೇ. 38ರಲ್ಲಿ ಐದು ಕಳೆದರೆ ಉಳಿಯುವುದೆಷ್ಟು? ತೂಕ ಇಳಿಸುವುದು, ಕುಡಿತ ಬಿಡುವುದು ಖರ್ಚಿಲ್ಲದ ಮದ್ದು, ನಿಜ. ಆದರೆ ತೀವ್ರವಾಗಿದ್ದವರು ಇವನ್ನೆಲ್ಲ ಯಂತ್ರದ ಜೊತೆಗೆ ಮಾಡಬೇಕು, ಯಂತ್ರದ ಬದಲಿಗಲ್ಲ.

ಟೆಂಪೊ, ಲಾರಿ, ಬಸ್ಸು ಓಡಿಸುವವರ ಮನೆಯ ಹೆಂಗಸರಲ್ಲಿ ನನ್ನದೊಂದು ಬೇಡಿಕೆ. ಒಂದು ರಾತ್ರಿ ಅವರ ಗೊರಕೆಯನ್ನು ಫೋನಿನಲ್ಲಿ ವಿಡಿಯೋ ಮಾಡಿ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಚಿಕಿತ್ಸೆ ಶುರುವಾಗುವವರೆಗೆ ರಾತ್ರಿ ಟ್ರಿಪ್ಪಿಗೆ ಕಳಿಸಬೇಡಿ.